ನೀಲಿ ಚೀಲದೊಳಗಿನ ಅಳತೆ

ಸೋಮವಾರ ಬೆಳಿಗ್ಗೆ ಅವನಿ ಒಂದು ಸಾಕ್ಸನ್ನು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಹೂ ಈಸ್ ಡೂಯಿಂಗ್ ಡ್ರಾಪ್-ಆಫ್?"

ಸನ್ನಿಧಿ ಮಗಳ ಊಟದ ಡಬ್ಬಿಗೆ ಮುಚ್ಚಳ ಒತ್ತುತ್ತಿದ್ದಳು. ಒಂದು ಮೂಲೆ ಕೂರುತ್ತಿರಲಿಲ್ಲ. "ನಾನು" ಅಂದಳು.

"ಓಕೆ," ಎಂದು ಅವನಿ ನೆಲದ ಮೇಲೆ ಕೂತು ಸಾಕ್ಸ್ ಹಾಕಿಕೊಂಡಳು. ಸೆಪ್ಟೆಂಬರಿನಿಂದ ಅವಳನ್ನು ಯಾರ್ಯಾರೋ ಶಾಲೆಗೆ ಬಿಡುತ್ತಿದ್ದರು. ಪ್ರಶ್ನೆ ದಿನವೂ ಅದೇ ಇತ್ತು, ಉತ್ತರ ಬದಲಾಗುತ್ತಿತ್ತು.

ಗಂಡ ಜೋನಾನನ್ನು ಮಣ್ಣು ಮಾಡಿ ಬಂದಮೇಲೆ ಮನೆಯಲ್ಲಿ ನೆಂಟರಿಲ್ಲದ ಮೊದಲ ಬೆಳಿಗ್ಗೆ ಅದು. "ಏಳು ದಿನ ಸೂತಕ ಕೂರೋದು ನಂಬಿಕೆ ಇರೋರಿಗೆ. ನಮಗೆ ಮೂರು ದಿನ ಸಾಕು" ಎಂದು ಅವನ ತಾಯಿ ಹ್ಯಾರಿಯೆಟ್ ಮೊದಲೇ ತೀರ್ಮಾನಿಸಿದ್ದರು. ಭಾನುವಾರ ಸಂಜೆ ಕಾಗದದ ತಟ್ಟೆಗಳನ್ನೆಲ್ಲ ತಾವೇ ಕಸದ ಚೀಲಕ್ಕೆ ತುಂಬಿ, ಕಾರು ತೆಗೆದುಕೊಂಡು ಮನ್ರೋದ ತಮ್ಮ ಮನೆಗೆ ಹೋಗಿದ್ದರು. ಫ್ರಿಜ್ ತುಂಬ ಬಂದವರು ತಂದಿಟ್ಟ ಬೇಗಲ್, ಸಲಾಡ್, ಹೊಗೆಯಾಡಿಸಿದ ಮೀನು. ಸನ್ನಿಧಿಯ ತಾಯಿ ರಮಾಮಣಿ ಅದೆಲ್ಲವನ್ನೂ ಸೌಟಿನ ಹಿಂಬದಿಯಿಂದ ಒಂದು ಮಗ್ಗುಲಿಗೆ ತಳ್ಳಿ, ತಮ್ಮ ಹಾಲು ಮೊಸರಿಗೆ ಜಾಗ ಮಾಡಿಕೊಂಡಿದ್ದರು. ಅಳಿಯನಿಗೆ ಕಾಯಿಲೆ ಜೋರಾದಾಗ ಮೈಸೂರಿನಿಂದ ಬಂದವರು ಇನ್ನೂ ಹಿಂದಿರುಗಿರಲಿಲ್ಲ.

"ಉಪ್ಪಿಟ್ಟು ತಿನ್ಕೊಂಡು ಹೋಗೇ."

"ಬಂದು ತಿಂತೀನಿ."

"ಬಂದು ತಿಂತೀನಿ ಅಂದೋಳು ನಿನ್ನೆ ಏನು ತಿಂದೆ? ಬರೀ ಕಾಫಿ."

"ಅಮ್ಮ."

"ಸರಿಯಮ್ಮ. ನಾನೇನೂ ಹೇಳಲ್ಲ."

ಮಗಳನ್ನು ಬಿಟ್ಟು ಬಂದಾಗ ಅಡುಗೆಮನೆಯಲ್ಲಿ ಊದುಬತ್ತಿಯ ವಾಸನೆಯಿತ್ತು. ಸ್ಟೋವಿನ ಪಕ್ಕದ ಕಪಾಟಿನ ಒಂದು ಗೂಡೇ ಆ ಮನೆಯ ದೇವರ ಕೋಣೆ. ಅಲ್ಲಿ, ಬೆಳ್ಳಿಯ ಗಣಪತಿಗೂ ಶ್ರೀಕಂಠೇಶ್ವರನ ಪಟಕ್ಕೂ ನಡುವೆ, ಒಂದು ನೀಲಿ ಮಖಮಲ್ಲಿನ ಚೀಲ ಕೂತಿತ್ತು. ಅದರ ಮೇಲೆ ಒಂದು ಹಳದಿ ಸೇವಂತಿಗೆ. ಚಿನ್ನದ ದಾರದಲ್ಲಿ ಹೀಬ್ರೂ ಅಕ್ಷರ ಕಸೂತಿ ಮಾಡಿದ್ದ ಕಡೆ ಅಚ್ಚುಕಟ್ಟಾಗಿ ಒಂದು ಕುಂಕುಮದ ಬೊಟ್ಟು.

"ಅಮ್ಮ, ಇದನ್ನ ಯಾಕೆ ಇಲ್ಲಿಟ್ಟೆ?"

"ಆಸ್ಪತ್ರೆ ಬ್ಯಾಗಲ್ಲಿತ್ತು. ಬಟ್ಟೆ ಒಗೆಯೋಕೆ ತೆಗೆದೆ, ಸಿಕ್ತು. ಅಳಿಯಂದ್ರ ದೇವರ ಸಾಮಾನು ಅಲ್ವೇನೇ? ಚಪ್ಪಲಿ ಜೊತೆ ಬಿದ್ದಿರೋಕೆ ಬಿಡ್ಲಾ?"

ಸನ್ನಿಧಿ ತಣ್ಣಗಾದ ಉಪ್ಪಿಟ್ಟನ್ನು ನಿಂತುಕೊಂಡೇ ತಿಂದಳು.

ಜೋನಾ ದೇವರನ್ನು ನಂಬಿದವನಲ್ಲ. ಅವನ ಮನೆಯಲ್ಲಿ ನಂಬದಿರುವುದೇ ಕುಲಾಚಾರ. ಯಹೂದಿಗಳೆಲ್ಲ ಉಪವಾಸ ಮಾಡುವ ದಿನ ಅವನ ತಾತ ಬೇಕೆಂದೇ ಹೋಟೆಲಿಗೆ ಹೋಗಿ, ಬೀದಿಗೆ ಕಾಣುವ ಕಿಟಕಿಯ ಪಕ್ಕ ಕೂತು ಹಂದಿಮಾಂಸ ತಿನ್ನುತ್ತಿದ್ದನಂತೆ. ಬೇರೆಯವರು ಹಿರಿಯರ ತಪಸ್ಸಿನ ಕಥೆ ಹೇಳುವ ಹಾಗೆ ಹ್ಯಾರಿಯೆಟ್ ಅದನ್ನು ಹೇಳುತ್ತಿದ್ದರು. ಜೋನಾ ಬ್ರಾಂಕ್ಸ್‌ನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ಸನ್ನಿಧಿ ಔಷಧ ಕಂಪನಿಯೊಂದರಲ್ಲಿ ಅಂಕಿಅಂಶ ನೋಡುವವಳು. ಮದುವೆಗೆ ಪುರೋಹಿತರೂ ಇರಲಿಲ್ಲ, ರಬ್ಬಿಯೂ ಇರಲಿಲ್ಲ. ಟೌನ್ ಹಾಲಿನ ಗುಮಾಸ್ತೆಯೊಬ್ಬಳು ಸಹಿ ಹಾಕಿಸಿ, ಅಭಿನಂದನೆ ಹೇಳಿ ಕಳಿಸಿದ್ದಳು.

ಅಂಥವನು ಏಪ್ರಿಲ್‌ನಲ್ಲಿ ಒಂದು ದಿನ ಈ ಚೀಲ ಹಿಡಿದುಕೊಂಡು ಬಂದ. ಒಳಗೆ ಎರಡು ಪುಟ್ಟ ಕಪ್ಪು ಪೆಟ್ಟಿಗೆ, ಉದ್ದುದ್ದ ಪಟ್ಟಿ. ತೆಫಿಲಿನ್. ಶಾಸ್ತ್ರದ ವಾಕ್ಯ ಬರೆದ ಹಾಳೆ ಆ ಪೆಟ್ಟಿಗೆಗಳೊಳಗಿರುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಒಂದನ್ನು ತೋಳಿಗೆ, ಒಂದನ್ನು ಹಣೆಗೆ ಕಟ್ಟಿಕೊಳ್ಳುತ್ತಾರೆ.

"ಕಡ ತಂದದ್ದು. ರಬ್ಬಿ ಲೆರ್ನರ್ ಕೊಟ್ಟರು, ಅವರ ಹತ್ರ ಒಂದು ಜೊತೆ ಹೆಚ್ಚಿಗೆ ಇತ್ತಂತೆ" ಎಂದಿದ್ದ. "ನಗಬೇಡ."

"ನಗ್ತಿಲ್ಲ."

"ನಕ್ಕಿದ್ದಿದ್ರೆ ಚೆನ್ನಾಗಿತ್ತು."

ಆಗಲೇ ಯಾಕೆ ಎಂದು ಕೇಳಬಹುದಿತ್ತು. ಅವಳು ಅವನ ಮಾತ್ರೆಗಳನ್ನು ವಾರದ ಡಬ್ಬಿಗೆ ಹಂಚುತ್ತಿದ್ದಳು, ಎಲ್ಲಿ ತಪ್ಪುತ್ತದೋ ಎಂದು ಸುಮ್ಮನಾದಳು. ಆಮೇಲೆ ಕೇಳುವುದು ಸರಿಯೆನಿಸಲಿಲ್ಲ. ಅವನು ಬೆಳಿಗ್ಗೆ ಬೆಡ್‌ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದ. ಹೊರಗೆ ಬಂದಾಗ ಎಡತೋಳಿನ ಮೇಲೆ ಪಟ್ಟಿಯ ಸುರುಳಿಗಳ ಗುರುತು ಕೆಂಪಗೆ ಉಳಿದಿರುತ್ತಿತ್ತು. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಮಾಸುತ್ತಿತ್ತು. ಮೈಯಲ್ಲಿ ರಕ್ತ ಕಡಿಮೆಯಾದಂತೆ ಮಧ್ಯಾಹ್ನದವರೆಗೂ ಮಾಸದೆ ಇರುತ್ತಿತ್ತು.

ಆಗಸ್ಟಿನಲ್ಲಿ ಆಸ್ಪತ್ರೆಯವರು ಹೊಸ ಔಷಧದ ಟ್ರಯಲ್ ಒಂದಿದೆ, ಸೇರಬಹುದು ಅಂದರು. ಡಾಕ್ಟರು "ನಿಮ್ಮಿಷ್ಟ" ಅಂದರು. ಹ್ಯಾರಿಯೆಟ್ "ಸೇರು" ಅಂದರು. ಸನ್ನಿಧಿ ಸಿಕ್ಕ ಪೇಪರುಗಳನ್ನೆಲ್ಲ ಓದಿ, ಎಷ್ಟು ಪಾಲು ಜನಕ್ಕೆ ಎಷ್ಟು ತಿಂಗಳು ಹೆಚ್ಚಿಗೆ ಸಿಕ್ಕಿದೆ, ಅದರಲ್ಲಿ ಆಸ್ಪತ್ರೆಯಲ್ಲೇ ಕಳೆದದ್ದೆಷ್ಟು ಎಂದು ಅವನಿಗೆ ವಿವರಿಸಿ, "ನಿನಗೇನು ಬೇಕು?" ಎಂದು ಕೇಳಿದಳು. ಅವನು ಯೋಚಿಸುತ್ತೇನೆ ಅಂದ. ಎರಡು ದಿನ ಕಳೆದು ನಡೆದುಕೊಂಡೇ ರಬ್ಬಿಯ ಹತ್ತಿರ ಹೋಗಿ ಬಂದು, ಶೂ ಬಿಚ್ಚುತ್ತ, "ಬೇಡ" ಅಂದ. ದೀಪಾವಳಿ ಕಳೆದ ವಾರ ಹೋಗಿಬಿಟ್ಟ.

*

ಶುಕ್ರವಾರ ಹ್ಯಾರಿಯೆಟ್ ಬಂದರು. ವಾರಕ್ಕೊಂದು ದಿನ ಬಂದೇ ಬರುತ್ತೇನೆ ಎಂದು ಯಾರೂ ಕೇಳದೆಯೇ ಹೇಳಿದ್ದರು. ಕೈಯಲ್ಲಿ ಮೊಮ್ಮಗಳಿಗೆ ಕೋಳಿ ಸೂಪು, ರಮಾಮಣಿಗೆ ಮೊಟ್ಟೆ ಹಾಕದೆ ಬೇಯಿಸಿದ ನೂಡಲ್ ಕಡುಬು.

"ನೋ ಎಗ್?" ರಮಾಮಣಿ ಕೇಳಿದರು.

"ನೋ ಎಗ್. ರುಚಿಯೂ ಇಲ್ಲ. ಇದನ್ನ ನೋಡಿದ್ರೆ ನಮ್ಮಮ್ಮ ಗೋರಿಯಲ್ಲೇ ಮಗ್ಗುಲು ಬದಲಾಯಿಸ್ತಾಳೆ."

ಸನ್ನಿಧಿ ಅನುವಾದಿಸಿದಳು. ರಮಾಮಣಿ ನಕ್ಕು, ಕಡುಬಿಗೆ ಜಾಗ ಮಾಡಲು ಉಪ್ಪಿನಕಾಯಿ ಜಾಡಿಯನ್ನು ಸರಿಸಿದರು. ಆಗ ಹ್ಯಾರಿಯೆಟ್ ಕಣ್ಣಿಗೆ ಗೂಡು ಬಿತ್ತು.

"ಅದು ಅಲ್ಲೇನು ಮಾಡ್ತಿದೆ?"

"ಅಮ್ಮ ಇಟ್ಟಿದಾರೆ. ಗೌರವಕ್ಕೆ."

"ಗೌರವ!" ಹ್ಯಾರಿಯೆಟ್ ಕೋಟು ಬಿಚ್ಚದೆಯೇ ಕುರ್ಚಿಯಲ್ಲಿ ಕೂತರು. "ನನ್ನ ಮಗನ ತಲೆ ಕೆಡಿಸಿದವನ ಸಾಮಾನು, ಸನ್ನಿಧಿ. ಆ ರಬ್ಬಿಯ ಲೆಕ್ಕದಲ್ಲಿ ನಿನ್ನ ಮದುವೆ ಮದುವೆಯೇ ಅಲ್ಲ. ಕುಲ ತಾಯಿಯಿಂದ ಬರೋದು, ತಾಯಿ ನೀನು, ಹಾಗಾಗಿ ಅವನಿ ಯಹೂದಿಯೂ ಅಲ್ಲ. ಅದು ಗೊತ್ತಾ ನಿನಗೆ?"

"ಗೊತ್ತು."

"ಜೋನಾಗೂ ಗೊತ್ತಿತ್ತು. ಆದರೂ ಹೋದ."

"ನಿಮ್ಮನ್ನ ಕೇಳಿ ಹೋಗಬೇಕಿತ್ತಾ?"

"ಟ್ರಯಲ್ ಬೇಡ ಅಂತ ಹೇಳಿಕೊಟ್ಟಿದ್ದು ಅವನೇ. ಬೇಕಾದ್ರೆ ಕೇಳು. ಸೇರಿದ್ದಿದ್ರೆ ಇವತ್ತಿಗೆ ನನ್ನ ಮಗ ಆ ಸೋಫಾದ ಮೇಲೆ ಕೂತಿರ್ತಿದ್ದ."

"ಹಾಸಿಗೆಯಲ್ಲಿರ್ತಿದ್ದ," ಅಂದಳು ಸನ್ನಿಧಿ. "ಆಸ್ಪತ್ರೆಯಲ್ಲಿ."

"ಇರ್ತಿದ್ದ!"

ಹಾಲ್‌ನಲ್ಲಿದ್ದ ಅವನಿ ಟಿವಿಯ ಸದ್ದು ಹೆಚ್ಚು ಮಾಡಿದಳು.

ರಮಾಮಣಿಗೆ ಮಾತು ಅರ್ಥವಾಗದಿದ್ದರೂ ಜಗಳ ಅರ್ಥವಾಗಿತ್ತು. ಅವರು ಕೈಯೊರೆಸಿಕೊಂಡು ಚೀಲವನ್ನು ತೆಗೆದು ಎದೆಗೊತ್ತಿಕೊಂಡರು, ಯಾರಾದರೂ ಎಸೆದುಬಿಟ್ಟಾರು ಎನ್ನುವ ಹಾಗೆ. ಹ್ಯಾರಿಯೆಟ್ ಅವರನ್ನೇ ನೋಡಿದರು. ಕೋಪ ಸ್ವಲ್ಪ ಇಳಿದು, ಬಾಯಿಯ ಮೂಲೆಯಲ್ಲಿ ತುಂಟತನ ಬಂತು.

"ರಮಾ, ಅದು ಯಾವುದರಲ್ಲಿ ಮಾಡಿದ್ದು ಗೊತ್ತಾ ನಿಮಗೆ? ಲೆದರ್. ಕೌ."

ಇಷ್ಟು ಇಂಗ್ಲಿಷ್ ರಮಾಮಣಿಗೆ ಬೇಕಾದಷ್ಟಾಯಿತು. ಮುಖ ಬಿಳಿಚಿತು. ಚೀಲವನ್ನು ಕೈಯಿಂದ ಬಿಡಲಿಲ್ಲ, ಎದೆಯಿಂದ ಮಾತ್ರ ದೂರ ಹಿಡಿದರು. "ಹೌದೇನೇ?"

"ಹೌದಮ್ಮ. ಹಸುವಿನ ಚರ್ಮ."

ರಮಾಮಣಿ ಸ್ನಾನದ ಮನೆಗೆ ಹೋದರು. ಬಹಳ ಹೊತ್ತು ನೀರಿನ ಸದ್ದು ಕೇಳಿಸಿತು. ಹ್ಯಾರಿಯೆಟ್‌ಗೆ ಪಶ್ಚಾತ್ತಾಪವಾಗತೊಡಗಿತು. "ನಾನು ಹೇಳಬಾರದಿತ್ತು," ಎಂದು ಎರಡು ಸಲ ಅಂದರು. ರಮಾಮಣಿ ಒದ್ದೆ ತಲೆಯಲ್ಲಿ, ಬೇರೆ ಸೀರೆಯಲ್ಲಿ ಹೊರಬಂದರು. ಕುರ್ಚಿಯ ಮೇಲಿಟ್ಟಿದ್ದ ಚೀಲವನ್ನು ತೆಗೆದುಕೊಂಡು ಮತ್ತೆ ಗೂಡಿನಲ್ಲಿಟ್ಟರು. ಗಣಪತಿಯಿಂದ ಒಂದು ಗೇಣು ದೂರ.

"ನಿಮ್ಮ ತಾತ ಜಿಂಕೆ ಚರ್ಮದ ಮೇಲೆ ಕೂತೇ ಜಪ ಮಾಡ್ತಿದ್ರು" ಎಂದು ಮಗಳಿಗೆ ಹೇಳಿದರು. "ಮೃದಂಗಕ್ಕೇನು ರೇಷ್ಮೆ ಹೊದಿಸಿರ್ತಾರಾ? ಇರಲಿ ಬಿಡು. ಅಳಿಯಂದ್ರು ದಿನಾ ಹಣೆಗೆ ಕಟ್ಕೋತಿದ್ರು, ಪಾಪ."

ಸನ್ನಿಧಿ ಅದನ್ನು ಅನುವಾದಿಸಿದಾಗ ಹ್ಯಾರಿಯೆಟ್ ಎದ್ದು ಕೋಟು ಬಿಚ್ಚಿ, ಕಡುಬನ್ನು ತುಂಡು ಮಾಡಿ ಮೊದಲ ತುಂಡನ್ನು ರಮಾಮಣಿಯ ತಟ್ಟೆಗೆ ಹಾಕಿದರು.

*

ಮುಂದಿನ ವಾರ ರಬ್ಬಿ ಲೆರ್ನರ್ ಫೋನ್ ಮಾಡಿದರು. ಊಟ ಮಾಡುತ್ತಿದ್ದೀರಾ, ಮಗು ಶಾಲೆಗೆ ಹೋಗುತ್ತಿದೆಯಾ ಎಂದು ಮೊದಲು ಕೇಳಿದರು.

"ತೆಫಿಲಿನ್ ನಿಮ್ಮಲ್ಲಿದೆಯಾ ಅಂತ ಕೇಳೋಣ ಅಂತ. ಅವಸರವಿಲ್ಲ," ಅಂದರು. ಸ್ವಲ್ಪ ತಡೆದು, "ಅವಸರವಿಲ್ಲ ಅಂದರೆ ಸುಳ್ಳಾಗುತ್ತೆ. ಇನ್ನೊಬ್ಬರು ಕೇಳ್ತಿದಾರೆ. ಆಸ್ಪತ್ರೆಯಲ್ಲಿದಾರೆ. ಅವರೂ ಜೋನಾ ಥರವೇ, ಹಿಂದೆ ಯಾವತ್ತೂ ಮುಟ್ಟಿದವರಲ್ಲ."

"ಹುಡುಕ್ತೀನಿ," ಅಂದಳು ಸನ್ನಿಧಿ. ಚೀಲ ಕಣ್ಣೆದುರಿಗೇ ಇತ್ತು.

ಅವತ್ತು ಸಂಜೆ ಅವಳು ಬೆಡ್‌ರೂಮಿನಲ್ಲಿ ಅದನ್ನು ಮೊದಲ ಸಲ ಬಿಚ್ಚಿದಳು. ಚರ್ಮದ ವಾಸನೆ, ಅದರ ಕೆಳಗೆ ಜೋನಾಗೆ ಹಚ್ಚುತ್ತಿದ್ದ ಮುಲಾಮಿನ ವಾಸನೆ. ತೋಳಿನ ಪಟ್ಟಿಯನ್ನು ಪಕ್ಕಕ್ಕಿಟ್ಟು ತಲೆಯದನ್ನು ಎತ್ತಿದಳು. ಪಟ್ಟಿ ಉಂಗುರವಾಗಿ ಸುತ್ತಿ ಬಂದು ಹಿಂದೆ ಒಂದು ಗಂಟಿನಲ್ಲಿ ಸೇರಿತ್ತು. ಹಾಸಿಗೆಯ ಮೇಲಿಟ್ಟರೂ ಉಂಗುರ ಹಾಗೆಯೇ ನಿಂತಿತ್ತು, ಒಳಗೆ ಏನೋ ಇರುವ ಹಾಗೆ.

ಅವನಿ ಬಾಗಿಲಲ್ಲಿದ್ದಳು. "ದಟ್ಸ್ ಡ್ಯಾಡೀಸ್ ಹೆಡ್," ಅಂದಳು.

"ಏನು?"

ಮಗಳು ಬಂದು ಗಂಟನ್ನು ಬೆರಳಿನಿಂದ ತೋರಿಸಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಬಾಗಿಲು ಹಾಕಿಕೊಂಡಾಗ ಎಷ್ಟೋ ದಿನ ಅವಳು ಒಳಗೇ ಇರುತ್ತಿದ್ದಳಂತೆ. ಈ ಗಂಟನ್ನು ಹಿಂದೆ ಮುಂದೆ ಎಳೆದು ಅವರವರ ತಲೆಗೆ ಸರಿಮಾಡಬೇಕು. ಡ್ಯಾಡಿಯ ಕೂದಲು ಹೋದಮೇಲೆ ಅದು ಕಣ್ಣಿನ ಮೇಲೆ ಜಾರುತ್ತಿತ್ತು, ಇಬ್ಬರೂ ನಗುತ್ತಿದ್ದರು. ಆಮೇಲೆ ರಬ್ಬಿ ಬಿಗಿ ಮಾಡಿಕೊಟ್ಟರು. "ಸೋ ನೌ ಇಟ್ ಓನ್ಲೀ ಫಿಟ್ಸ್ ಹಿಮ್."

ಮಗಳು ಹೋದಮೇಲೆ ಸನ್ನಿಧಿ ಎರಡೂ ಅಂಗೈಗಳನ್ನು ಉಂಗುರದೊಳಗಿಟ್ಟು ಅಗಲಿಸಿದಳು. ಪಟ್ಟಿ ಕೈಗಳ ಹಿಂಭಾಗಕ್ಕೆ ತಾಗುವಲ್ಲಿಗೆ ನಿಲ್ಲಿಸಿದಳು. ಇಷ್ಟು. ಕಡೆಯ ತಿಂಗಳು ಜೋನಾಗೆ ತಲೆ ಒರೆಸುವಾಗ ಅವಳ ಕೈಗಳ ನಡುವೆ ಇದ್ದದ್ದು ಇಷ್ಟೇ.

ರಬ್ಬಿಗೆ ಅವಳು ಫೋನ್ ಮಾಡಲಿಲ್ಲ.

*

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ತಿರ ಬಂತು. ಸನ್ನಿಧಿ ಕೆಲಸಕ್ಕೆ ಹೋಗತೊಡಗಿದಳು. ಬಟ್ಟೆ ಮಡಿಸುವುದು, ಪಾತ್ರೆ ಜೋಡಿಸುವುದು, ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ರಬ್ಬಿ ಎರಡನೆಯ ಸಲ ಫೋನ್ ಮಾಡಿದಾಗ ಅವಳು ಎತ್ತಲಿಲ್ಲ. ರಮಾಮಣಿ ಎತ್ತಿದರು.

"ಯಾರೋ ಆಸ್ಪತ್ರೆಯಲ್ಲಿ ಕಾಯ್ತಿದಾರಂತಲ್ಲೇ," ಎಂದರು ರಾತ್ರಿ ಊಟಕ್ಕೆ ಬಡಿಸುತ್ತ. "ನನ್ನ ಇಂಗ್ಲಿಷಿಗೇ ಅರ್ಥ ಆಯ್ತು. ನಿನಗೆ ಆಗ್ಲಿಲ್ವಾ?"

"ಕೊಡ್ತೀನಿ."

"ಯಾವಾಗ? ಅವರು ಹೋದ್ಮೇಲಾ?"

ಸನ್ನಿಧಿ ಚಮಚ ಕೆಳಗಿಟ್ಟಳು. "ನಿನಗೆ ಇಟ್ಕೊಳ್ಳೋಕೆ ಅವನ ಶರ್ಟ್ ಬೇಡ, ಪುಸ್ತಕ ಬೇಡ. ಹ್ಯಾರಿಯೆಟ್‌ಗೆ ಅವನು ಹುಟ್ಟಿದಾಗಿಂದ ಇರೋ ಫೋಟೋಗಳಿವೆ, ಬೈಯೋಕೆ ಒಬ್ಬ ರಬ್ಬಿ ಇದಾನೆ. ಅವನಿ ಬಾಗಿಲೊಳಗೆ ಇದ್ಲು. ನಾನು ಎಲ್ಲಿದ್ದೆ ಅಮ್ಮ? ನಾನು ಹೊರಗೆ ಮಾತ್ರೆ ಎಣಿಸ್ತಿದ್ದೆ. ನನಗೆ ಹೇಳದೆ ಇರೋದನ್ನ ಅವನು ಹೋಗಿ ಅಲ್ಲಿ ಹೇಳಿದ. ಏನು ಹೇಳಿದ ಅಂತ ಗೊತ್ತಾಗೋವರೆಗೂ ಕೊಡಲ್ಲ."

ಅಷ್ಟು ಉದ್ದದ ಮಾತನ್ನು ಅವಳು ಆ ತಿಂಗಳೆಲ್ಲ ಆಡಿರಲಿಲ್ಲ. ರಮಾಮಣಿ ಸಾರಿನ ಪಾತ್ರೆ ಹಿಡಿದು ನಿಂತೇ ಇದ್ದರು.

"ಹಾಗಾದ್ರೆ ಹೋಗಿ ಕೇಳು," ಅಂದರು. "ಚೀಲನ ಕೇಳಿದ್ರೆ ಹೇಳುತ್ತಾ?"

ಮರುದಿನ ಬೆಳಿಗ್ಗೆ ರಮಾಮಣಿ ಕಡಲೆಹಿಟ್ಟು, ಹಳೆಯ ಟೂತ್‌ಬ್ರಷ್ ಇಟ್ಟುಕೊಂಡು ಮಖಮಲ್ಲಿನ ಮೇಲಿನ ಕುಂಕುಮ ತೆಗೆಯಲು ಕೂತಿದ್ದರು. ಬೊಟ್ಟು ಹೋಯಿತು. ಕಸೂತಿಯ ಚಿನ್ನದ ದಾರದಲ್ಲಿ ಗುಲಾಬಿ ಬಣ್ಣ ಉಳಿಯಿತು.

"ಬೈತಾರೇನೇ?"

"ಗೊತ್ತಿಲ್ಲಮ್ಮ."

*

ಶುಕ್ರವಾರ ಬೆಳಿಗ್ಗೆ ಹ್ಯಾರಿಯೆಟ್ ಡ್ರೈವ್ ಮಾಡಿದರು. "ಒಳಗೆ ಕಾಲಿಡಲ್ಲ. ಕಾರಲ್ಲಿರ್ತೀನಿ" ಎಂದು ಮೂರು ಸಿಗ್ನಲ್ ದಾಟುವವರೆಗೂ ಹೇಳುತ್ತಲೇ ಇದ್ದರು. ಸಿನಗಾಗ್, ಯಹೂದಿಗಳ ಪ್ರಾರ್ಥನಾಮಂದಿರ, ಎಂದರೆ ಹಿಂದೊಮ್ಮೆ ಹಲ್ಲಿನ ಡಾಕ್ಟರರ ಆಫೀಸಾಗಿದ್ದ ನೆಲಮಹಡಿ. ಪಕ್ಕದಲ್ಲಿ ಕೊರಿಯನ್ ಬೇಕರಿ, ಎರಡಕ್ಕೂ ಒಂದೇ ಪಾರ್ಕಿಂಗ್ ಲಾಟ್. ಬೆಣ್ಣೆಯ ವಾಸನೆ ಎಲ್ಲ ಕಡೆ ಹರಡಿತ್ತು.

"ಟ್ರಯಲ್ ಬೇಡ ಅಂತ ಅವನು ಹೇಳಿದ್ನಾ ಇಲ್ವಾ, ಅಷ್ಟು ಕೇಳು ನನಗೋಸ್ಕರ," ಅಂದರು ಹ್ಯಾರಿಯೆಟ್. ಇಂಜಿನ್ ಆರಿಸಲಿಲ್ಲ.

ರಬ್ಬಿ ಲೆರ್ನರ್ ಅವಳು ಅಂದುಕೊಂಡಷ್ಟು ಮುದುಕರಾಗಿರಲಿಲ್ಲ. ಗಡ್ಡದಲ್ಲಿ ಕೆಂಪಿತ್ತು. ಬಾಗಿಲನ್ನು ತೆರೆದೇ ಇಟ್ಟು, ಮೇಜಿನ ಆಚೆ ಕೂತರು. ಹೆಂಗಸರ ಕೈಯಿಂದ ನೇರವಾಗಿ ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಜೋನಾ ಹೇಳಿದ್ದು ನೆನಪಿತ್ತು. ಅವಳು ಚೀಲವನ್ನು ಮೇಜಿನ ಮೇಲಿಟ್ಟಳು. ಆದರೆ ಕೈ ತೆಗೆಯಲಿಲ್ಲ.

"ಅವರು ಇನ್ನೂ ಇದಾರಾ? ಇದನ್ನ ಕೇಳಿದವರು?"

"ಇದಾರೆ. ದೇವರ ದಯ."

"ಟ್ರಯಲ್ ಬೇಡ ಅಂತ ಜೋನಾಗೆ ನೀವು ಹೇಳಿದ್ರಾ?"

ರಬ್ಬಿ ಗಡ್ಡ ಮುಟ್ಟಿಕೊಂಡರು. "ನೀವಾಗಿ ಬಂದು ಕೇಳಿದರೆ ಮಾತ್ರ ಹೇಳಿ ಅಂದಿದ್ದ," ಅಂದರು. "ಗುಣವಾಗ್ತೀನಾ ಅಂತ ಅವನು ಕೇಳಲಿಲ್ಲ. ದೇವರಿದ್ದಾನಾ ಅಂತಲೂ ಕೇಳಲಿಲ್ಲ. ಸಾಕು ಅನ್ನೋಕೆ ನಮ್ಮ ಧರ್ಮದಲ್ಲಿ ಅನುಮತಿ ಇದೆಯಾ ಅಂತ ಕೇಳಿದ."

"ನಂಬಿಕೆಯೇ ಇಲ್ಲದವನು ನಿಮ್ಮನ್ನ ಯಾಕೆ ಕೇಳಬೇಕು?"

"ನಾನೂ ಹಾಗೇ ಕೇಳಿದೆ. ಡಾಕ್ಟರ್ ನಿನ್ನಿಷ್ಟ ಅಂತಾರೆ, ಅಮ್ಮ ಬಿಡಬೇಡ ಅಂತಾಳೆ, ಅಂದ. ಹೆಂಡತಿ ಎಲ್ಲ ಓದಿ, ತಿಳಿಸಿ, ನಿನಗೇನು ಬೇಕು ಅಂತ ಕೇಳಿದಾಳೆ. ಸಾಕಾಗಿದೆ ಅಂತ ಅವಳಿಗೆ ಹೇಳಿದರೆ, ಬಿಡು ಅಂತಾಳೆ. ಅಂದೇ ಅಂತಾಳೆ. ನಾನು ಹೋದಮೇಲೆ ಆ ಮಾತು ಆ ಮನೆಯಲ್ಲಿ ಅವಳ ಜೊತೆ ಉಳಿಯುತ್ತೆ. ಅದಕ್ಕೆ ನಿಮ್ಮ ಹತ್ರ ಬಂದೆ. ನೀವು ಹೇಳಿ, ಆ ಮಾತನ್ನ ನಿಮ್ಮ ಹತ್ರ ಬಿಟ್ಟುಹೋಗ್ತೀನಿ. ಇಂಥದ್ದನ್ನ ಇಟ್ಕೊಂಡು ಅಭ್ಯಾಸ ಇರೋ ಜನ ನೀವು, ಅಂದ."

ಪಕ್ಕದ ಬೇಕರಿಯಲ್ಲಿ ಟ್ರೇಗಳ ಸದ್ದಾಯಿತು.

"ನೀವೇನಂದ್ರಿ?"

"ಎರಡು ಸಲ ಬಂದ. ನಮ್ಮ ಗುರುಗಳನ್ನ ಕೇಳಿ ಆಮೇಲೆ ಅನುಮತಿ ಇದೆ ಅಂದೆ. ಹೇಳಿದ್ದು ನಾನು. ಅಗೋ, ಹೊರಗೆ ಕಾರಲ್ಲಿ ಕೂತಿರೋ ಅವನ ತಾಯಿಗೂ ಹಾಗೇ ಹೇಳಿ. ಬೈಯೋದಿದ್ದರೆ ನನ್ನನ್ನೇ ಬೈಯಬೇಕು."

ಸನ್ನಿಧಿ ಚೀಲದ ಮೇಲಿದ್ದ ತನ್ನ ಕೈಯನ್ನು ನೋಡಿದಳು. ಬಿಡು ಎಂದು ತಾನು ಅನ್ನುತ್ತಿದ್ದೆನೇ? ಇರಬಹುದು. ಅನ್ನದೆಯೂ ಇರಬಹುದು. ಮಂಚದ ಅಂಚಿನಲ್ಲಿ ಕೂತು ಅವನು ಸಾಕಾಗಿದೆ ಎನ್ನುವುದನ್ನು, ತಾನು ಅವನ ಕಾಲು ಹಿಡಿದುಕೊಂಡು ಅದನ್ನು ಕೇಳುವುದನ್ನು, ಅವಳು ಈಗ ಬೇಡುತ್ತಿದ್ದಳು. ಜೀವಮಾನ ಹೊರಬೇಕಾದರೆ ಹೊರುತ್ತಿದ್ದಳು.

"ನನ್ನನ್ನ ಕೇಳಬೇಕಿತ್ತು," ಅಂದಳು.

"ಹೌದು," ಅಂದರು ರಬ್ಬಿ. "ನಾನೂ ಅವನಿಗೆ ಹಾಗೇ ಹೇಳಿದ್ದೆ."

ಅವಳು ಕೈ ತೆಗೆದಳು.

ರಬ್ಬಿ ಚೀಲವನ್ನು ತಮ್ಮ ಕಡೆ ಎಳೆದುಕೊಂಡರು. ಗುಲಾಬಿ ಬಣ್ಣದ ಮೇಲೆ ಬೆರಳು ನಿಂತಿತು.

"ನಮ್ಮಮ್ಮ," ಅಂದಳು ಸನ್ನಿಧಿ. "ಕುಂಕುಮ. ದೇವರ ಹತ್ತಿರ ಇಟ್ಟಿದ್ದರು."

ಅವರು ಮುಜುಗರಪಟ್ಟರು. ಸುಳ್ಳು ಹೇಳಲು ಬರದ ಮನುಷ್ಯ ಎಂದು ಅವಳಿಗೆ ಅನಿಸಿತು. "ಇದನ್ನ ಮಾತ್ರ ನಾನು ಒಳಗೆ ಇಟ್ಟುಕೊಳ್ಳಲಾರೆ," ಅಂದರು. "ನಿಮ್ಮ ತಾಯಿ ತಪ್ಪು ತಿಳಿಯಬಾರದು. ಚೀಲ ನೀವೇ ತಗೊಂಡು ಹೋಗ್ತೀರಾ?"

ಅವರು ಪೆಟ್ಟಿಗೆಗಳನ್ನು ಹೊರತೆಗೆದು, ಮಡಿಸಿದ ಬಿಳಿಯ ಬಟ್ಟೆಯೊಂದರ ಮೇಲಿಟ್ಟು, ಖಾಲಿ ಚೀಲವನ್ನು ಮೇಜಿನ ಈಚೆ ಬದಿಗೆ ತಳ್ಳಿದರು. ಅದು ಹಗುರಾಗಿತ್ತು. ಅವಳು ಅದನ್ನು ಎದೆಗೆ ಹಿಡಿದುಕೊಂಡಳು, ತಾಯಿ ಹಿಡಿದಿದ್ದ ಹಾಗೆಯೇ. ಬಟ್ಟೆಯ ಮೇಲೆ ತಲೆಯ ಪಟ್ಟಿ ಉಂಗುರವಾಗಿ ನಿಂತಿತ್ತು. ರಬ್ಬಿಯ ಹೆಬ್ಬೆರಳು ಅಭ್ಯಾಸಬಲದಿಂದ ಗಂಟಿನ ಮೇಲೆ ಹೋಯಿತು.

"ಆ ಇನ್ನೊಬ್ಬರಿಗೆ ಸರಿಮಾಡಬೇಕಲ್ವಾ?"

"ಹೌದು. ಅವರದು ದೊಡ್ಡ ತಲೆ."

"ಈಗಲೇ ಬೇಡ," ಅಂದಳು ಸನ್ನಿಧಿ. "ನಾನು ಪಾರ್ಕಿಂಗ್ ಲಾಟ್ ದಾಟಿ, ಕಾರು ಹೊರಡಲಿ. ಆಮೇಲೆ ಮಾಡಿ."

ರಬ್ಬಿ ಗಂಟಿನಿಂದ ಬೆರಳು ತೆಗೆದು, ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡರು.